ಕಡಲಗಾಳಿಯಲ್ಲಿ ಹದಿನೆಂಟು ಹೋಲ್

ಸ್ಯಾನ್ ಹೋಸೆ, ಸನ್ನಿವೇಲ್, ಫ್ರೀಮಾಂಟ್ ಸುತ್ತಮುತ್ತ ಗಾಲ್ಫ್ ಕಲಿಯುತ್ತಿರುವ ಕನ್ನಡಿಗರನ್ನು ಮಾತಿಗೆಳೆದರೆ ಒಂದು ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಊರಿನ ಡ್ರೈವಿಂಗ್ ರೇಂಜಿನಲ್ಲಿ ಏಳನೇ ನಂಬರ್ ಐರನ್ ಹಿಡಿದು 150 ಗಜ ಸಲೀಸಾಗಿ ಹೊಡೆಯುತ್ತಾರೆ. ಮಾಂಟೆರೆ ಪಕ್ಕದ ಪೆಸಿಫಿಕ್ ಗ್ರೋವ್‌ನ ಕಡಲ ದಂಡೆಗೆ ಹೋದ ದಿನ ಅದೇ ಹೊಡೆತ ಮೇಲೆದ್ದು, ಗಾಳಿಯಲ್ಲಿ ತಡೆದು ನಿಂತಂತಾಗಿ, ಗ್ರೀನಿಗೆ ಬಹಳ ಮುಂಚೆಯೇ ಬಿದ್ದುಬಿಡುತ್ತದೆ. ಮುಂದಿನ ಸಲ ಇನ್ನಷ್ಟು ಬಲ ಹಾಕುತ್ತಾರೆ. ಚೆಂಡು ಇನ್ನಷ್ಟು ಮೇಲೇರುತ್ತದೆ, ದೂರ ಮಾತ್ರ ಹೋಗುವುದಿಲ್ಲ. ಆಟ ಮುಗಿಯುವ ಹೊತ್ತಿಗೆ ಚೀಲದಲ್ಲಿದ್ದ ಚೆಂಡುಗಳಲ್ಲಿ ಅರ್ಧ ಮರಳದಿಬ್ಬದ ಪಾಲಾಗಿರುತ್ತವೆ.

ಇದಕ್ಕೆ ಪರಿಹಾರ ಬಲದಲ್ಲಿಲ್ಲ. ಚೆಂಡನ್ನು ತಗ್ಗಿನಲ್ಲಿ ಕಳಿಸುವುದು, ಕಳೆದುಕೊಂಡದ್ದನ್ನು ಬೇಗ ಬಿಟ್ಟು ಮುಂದೆ ನಡೆಯುವುದು, ಈ ಎರಡನ್ನು ರೂಢಿಸಿಕೊಂಡರೆ ಕಡಲ ಪಕ್ಕದ ಆಟ ಸುಖ ಕೊಡತೊಡಗುತ್ತದೆ. ಅದಕ್ಕೆ ಬೇಕಾದ ಲೆಕ್ಕಾಚಾರ ಮುಂದಿದೆ.

ಇದು ನಗರಸಭೆಯ ಮೈದಾನ

ನಮ್ಮೂರಿನಲ್ಲಿ ಗಾಲ್ಫ್ ಎಂದರೆ ಕ್ಲಬ್ಬು, ಸದಸ್ಯತ್ವ, ಪರಿಚಯದವರ ಶಿಫಾರಸು. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಬೇಲಿಯಾಚೆಯಿಂದಷ್ಟೇ ಈ ಆಟವನ್ನು ನೋಡಿ ಬೆಳೆದವರು ಎಷ್ಟೋ ಮಂದಿ. ಪೆಸಿಫಿಕ್ ಗ್ರೋವ್ ಗಾಲ್ಫ್ ಲಿಂಕ್ಸ್ ಹಾಗಲ್ಲ. ಅದು ಆ ಪುಟ್ಟ ಊರಿನ ನಗರಸಭೆಯ ಆಸ್ತಿ. ಉದ್ಯಾನವೋ ಗ್ರಂಥಾಲಯವೋ ಇದ್ದಂತೆ ಎಲ್ಲರಿಗೂ ತೆರೆದದ್ದು. ಪಕ್ಕದ ಪೆಬಲ್ ಬೀಚ್‌ನಲ್ಲಿ ಒಂದು ಸುತ್ತು ಆಡಲು 600 ಡಾಲರಿಗೂ ಹೆಚ್ಚು ತೆರಬೇಕು. ಇಲ್ಲಿನ ಶುಲ್ಕ ಅದರ ಒಂದು ಸಣ್ಣ ಪಾಲು. ಕಡಲು ಮಾತ್ರ ಅದೇ.

ಮೈದಾನಕ್ಕೆ ಎರಡು ಮುಖ. ಮೊದಲ ಒಂಬತ್ತು ಹೋಲ್‌ಗಳನ್ನು 1932ರಲ್ಲಿ ಎಚ್. ಚಾಂಡ್ಲರ್ ಈಗನ್ ರೂಪಿಸಿದರು. 1904 ಮತ್ತು 1905ರಲ್ಲಿ ಅಮೆರಿಕದ ಅಮೆಚೂರ್ ಚಾಂಪಿಯನ್ ಆಗಿದ್ದ ಆಟಗಾರ ಅವರು. ಈ ಭಾಗ ಮರಗಳ ಸಾಲು, ಮನೆಗಳು, ಒಂದು ಹಳೆಯ ಸ್ಮಶಾನದ ನಡುವೆ ಹಾಯುತ್ತದೆ. ಉಳಿದ ಒಂಬತ್ತು 1960ರವು. ಪೆಬಲ್ ಬೀಚ್ ಮೈದಾನವನ್ನು ಡಗ್ಲಸ್ ಗ್ರಾಂಟ್ ಜೊತೆ ರೂಪಿಸಿದ ಜ್ಯಾಕ್ ನೆವಿಲ್ ಇವನ್ನು ಪಾಯಿಂಟ್ ಪಿನೋಸ್ ದೀಪಸ್ತಂಭದ ಸುತ್ತಲಿನ ಮರಳದಿಬ್ಬಗಳಲ್ಲಿ ಹಾಸಿದರು. 1855ರಿಂದ ಉರಿಯುತ್ತಿರುವ ದೀಪ ಅದು. ಈ ಭಾಗದಲ್ಲಿ ಗಾಳಿಗೆ ಅಡ್ಡ ಬರುವಂಥದ್ದು ಹೆಚ್ಚೇನೂ ಇಲ್ಲ.

ಒಟ್ಟು ಉದ್ದ 5,700 ಗಜಗಳ ಆಸುಪಾಸು, ಪಾರ್ 70. ಕಾಗದದಲ್ಲಿ ನೋಡಿದರೆ ಚಿಕ್ಕ ಮೈದಾನ. ಆ ಅಂಕಿ ನೋಡಿ ಹಗುರವಾಗಿ ಎಣಿಸಿದವರೇ ಗಾಳಿಯ ಕೈಗೆ ಸಿಗುವುದು.

ಗಾಳಿ ಮಾಡುವ ಕೆಲಸ

ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದರೆ 46 ಗ್ರಾಂ. ಕ್ಲಬ್ಬಿನ ಓರೆ ಮುಖ ತಾಗಿದಾಗ ಅದು ಹಿಮ್ಮುಖವಾಗಿ ತಿರುಗುತ್ತಾ ಹಾರುತ್ತದೆ. ಆ ತಿರುಗಾಟದಿಂದ ಚೆಂಡಿನ ಮೇಲ್ಗಡೆ ಗಾಳಿ ವೇಗವಾಗಿಯೂ ಕೆಳಗಡೆ ನಿಧಾನವಾಗಿಯೂ ಹರಿಯುತ್ತದೆ, ಚೆಂಡನ್ನು ಮೇಲಕ್ಕೆತ್ತುವ ಬಲ ಹುಟ್ಟುತ್ತದೆ. ಗಾಳಿ ಎದುರಿನಿಂದ ಬೀಸಿದಾಗ ಚೆಂಡಿನ ಪಾಲಿಗೆ ಗಾಳಿಯ ವೇಗ ಹೆಚ್ಚಿದಂತಾಗಿ, ಮೇಲೆತ್ತುವ ಬಲವೂ ತಡೆಯುವ ಬಲವೂ ಒಟ್ಟಿಗೇ ಏರುತ್ತವೆ. ನೀವು ಜೋರಾಗಿ ಹೊಡೆದಷ್ಟೂ ತಿರುಗಾಟ ಹೆಚ್ಚು. ತಿರುಗಾಟ ಹೆಚ್ಚಿದಷ್ಟೂ ಚೆಂಡು ಮುಂದೆ ಹೋಗುವ ಬದಲು ಮೇಲೆ ಹೋಗುತ್ತದೆ. ಬಲ ಹಾಕಿದಷ್ಟೂ ಕೆಲಸ ಕೆಡುವುದು ಇದಕ್ಕೇ.

ಬೆನ್ನಿಗೆ ಬೀಸುವ ಗಾಳಿ ಇದನ್ನೆಲ್ಲ ತಲೆಕೆಳಗು ಮಾಡುತ್ತದೆ. ಎತ್ತುವ ಬಲ ಕುಗ್ಗುತ್ತದೆ, ಚೆಂಡು ಚಪ್ಪಟೆಯಾಗಿ ಬಂದು ಬಿದ್ದು ಬಹಳ ದೂರ ಉರುಳುತ್ತದೆ. ಹಾಗಾಗಿ ಎದುರುಗಾಳಿ ಕಿತ್ತುಕೊಂಡಷ್ಟನ್ನು ಬೆನ್ನಗಾಳಿ ವಾಪಸು ಕೊಡುವುದಿಲ್ಲ. ಆಟಗಾರರು ಬಳಸುವ ಅಂದಾಜು ಲೆಕ್ಕ ಹೀಗಿದೆ: ಗಂಟೆಗೆ 10 ಮೈಲಿಯ ಎದುರುಗಾಳಿಗೆ ದೂರದ ಶೇ. 10ರಷ್ಟು ಕೂಡಿಸಿ, ಅಷ್ಟೇ ವೇಗದ ಬೆನ್ನಗಾಳಿಗೆ ಶೇ. 5ರಷ್ಟು ಮಾತ್ರ ಕಳೆಯಿರಿ. 150 ಗಜದ ಹೊಡೆತ ಎದುರುಗಾಳಿಯಲ್ಲಿ 165ರಂತೆ ಆಡುತ್ತದೆ, ಬೆನ್ನಗಾಳಿಯಲ್ಲಿ 142ರಂತೆ.

ಸಮುದ್ರದ ಪಕ್ಕದ ತೇವದ ಗಾಳಿ ಭಾರ, ಅದಕ್ಕೇ ಚೆಂಡು ಹೋಗುವುದಿಲ್ಲ ಎಂದು ಹೇಳುವವರಿದ್ದಾರೆ. ತೇವ ಇಲ್ಲಿ ನಿರಪರಾಧಿ. ನೀರಾವಿ ಗಾಳಿಗಿಂತ ಹಗುರ, ಆದ್ದರಿಂದ ತೇವದ ಗಾಳಿ ಒಣಗಾಳಿಗಿಂತ ಎಳ್ಳಷ್ಟು ಹಗುರವೇ. ದೂರ ಕಡಿಮೆಯಾಗುವುದಕ್ಕೆ ಚಳಿ ಕಾರಣ. ಜುಲೈ ತಿಂಗಳಲ್ಲಿ ಸ್ಯಾನ್ ಹೋಸೆ 30 ಡಿಗ್ರಿಯಲ್ಲಿ ಬೇಯುವಾಗ ಇಲ್ಲಿ 15 ಡಿಗ್ರಿ ಇರಬಹುದು. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ಪ್ರತಿ ಹೊಡೆತದಲ್ಲೂ ಕೆಲವು ಗಜ ನುಂಗುತ್ತದೆ.

ಯಾವ ಹೊತ್ತಿಗೆ ಹೋಗಬೇಕು

ಮಂಗಳೂರು, ಹೊನ್ನಾವರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲೇರಿದಂತೆ ನೆಲ ಕಾದು ಅಲ್ಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲಿನ ತಂಪುಗಾಳಿ ನುಗ್ಗುತ್ತದೆ. ಮಾಂಟೆರೆ ಕೊಲ್ಲಿಯ ಹಿಂದೆ ಸಲಿನಾಸ್ ಕಣಿವೆ ಕಾಯುತ್ತದೆ, ಪೆಸಿಫಿಕ್ ಸಾಗರ ತಣ್ಣಗಿರುತ್ತದೆ; ಹೀಗಾಗಿ ಮಧ್ಯಾಹ್ನದ ಗಾಳಿ ವಾಯವ್ಯದಿಂದ ಜೋರಾಗಿಯೇ ಬರುತ್ತದೆ. ಗಾಳಿ ಬೇಡವೆಂದರೆ ಬೆಳಗಿನ ಮೊದಲ ಸರದಿಗಳಲ್ಲಿ ಹೊರಡಿ. ಆಗ ಮಂಜು ಇರಬಹುದು, ಹುಲ್ಲು ಒದ್ದೆಯಿರುತ್ತದೆ, ಚೆಂಡು ಉರುಳುವುದಿಲ್ಲ; ಅಷ್ಟು ಸಹಿಸಬೇಕು. ಸಂಜೆಯ ಅಗ್ಗದ ದರಕ್ಕೆ ಹೋದರೆ ಗಾಳಿಯನ್ನೂ ಒಪ್ಪಿಕೊಂಡಂತೆಯೇ. ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಂಜಿನ ಕಾಲ. ಆಕಾಶ ತಿಳಿಯಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಊರಿಂದ ಬಂದ ಅಪ್ಪ ಅಮ್ಮನನ್ನು ಜೊತೆಗೆ ಕರೆದೊಯ್ಯುವುದಿದ್ದರೆ ಆ ಎರಡು ತಿಂಗಳೇ ಮೇಲು.

ಟೀ ಟೈಮ್ ಮೊದಲೇ ಕಾದಿರಿಸಿ. ಒಬ್ಬರೋ ಇಬ್ಬರೋ ಇದ್ದರೆ ನಿಮ್ಮನ್ನು ಗುರುತಿಲ್ಲದವರ ಜೊತೆ ಸೇರಿಸುತ್ತಾರೆ, ನಗರಸಭೆಯ ಮೈದಾನಗಳಲ್ಲಿ ಇದು ರೂಢಿ. ಹೊಸಬರು ಇದಕ್ಕೆ ಸಂಕೋಚಪಡುವುದನ್ನು ಕಂಡಿದ್ದೇನೆ. ಪಡಬೇಡಿ. ಹೆಸರು ಹೇಳಿ ಕೈ ಕುಲುಕಿ, "ನಾನು ಹೊಸಬ, ಆದರೆ ತಡ ಮಾಡುವುದಿಲ್ಲ" ಎಂದುಬಿಡಿ. ಊರಿನ ನಿವೃತ್ತರ ಜೊತೆ ಸರದಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ. ಯಾವ ದಿಬ್ಬದ ಹಿಂದೆ ಗ್ರೀನ್ ಅಡಗಿದೆ ಎಂಬುದನ್ನು ಅವರು ಕೇಳದೆಯೇ ಹೇಳುತ್ತಾರೆ.

ಹೊಡೆಯುವ ಕ್ರಮ

1. ಮೊದಲು ಗಾಳಿ ನೋಡಿ. ಒಂದು ಚಿಟಿಕೆ ಹುಲ್ಲು ತೂರಿದರೆ ನಿಮ್ಮ ಸೊಂಟದೆತ್ತರದ ಗಾಳಿ ಮಾತ್ರ ತಿಳಿಯುತ್ತದೆ. ಚೆಂಡು ಹಾರುವುದು ಅದಕ್ಕಿಂತ ಎಷ್ಟೋ ಮೇಲೆ. ಗ್ರೀನಿನ ಬಾವುಟ, ಸೈಪ್ರೆಸ್ ಮರಗಳ ತುದಿ, ದೂರದ ಅಲೆಗಳ ಬಿಳಿನೊರೆ ಯಾವ ಕಡೆಗೆ ಹಾರುತ್ತಿದೆ, ಇವನ್ನು ಒಟ್ಟಿಗೆ ನೋಡಿ.

2. ಎದುರುಗಾಳಿಗೆ ದೊಡ್ಡ ಕ್ಲಬ್ ಹಿಡಿದು ಮೆಲ್ಲಗೆ ಬೀಸಿ. 150 ಗಜಕ್ಕೆ ಏಳನೇ ಐರನ್ ಸಾಕು ಎನ್ನಿಸುವಲ್ಲಿ ಐದನೆಯದನ್ನೋ ಒಂದು ಹೈಬ್ರಿಡ್ಡನ್ನೋ ತೆಗೆಯಿರಿ. ಹಿಡಿಯನ್ನು ಒಂದು ಅಂಗುಲ ಕೆಳಗೆ ಹಿಡಿಯಿರಿ. ಚೆಂಡು ಎಂದಿನ ಜಾಗಕ್ಕಿಂತ ತುಸು ಹಿಂಗಾಲಿನ ಕಡೆಗಿರಲಿ, ಮೈಭಾರ ಮುಂಗಾಲಿನ ಮೇಲಿರಲಿ. ಮುಕ್ಕಾಲು ಬೀಸಿ, ಹೊಡೆದ ಮೇಲೆ ಕೈಗಳನ್ನು ಎದೆಮಟ್ಟದಲ್ಲೇ ನಿಲ್ಲಿಸಿ.

3. ಅಡ್ಡಗಾಳಿಗೆ ಗುರಿ ಬದಲಿಸಿ, ಹೊಡೆತ ಬದಲಿಸಬೇಡಿ. ಗಾಳಿ ಎಡದಿಂದ ಬಂದರೆ ಗ್ರೀನಿನ ಎಡಕ್ಕೆ ಗುರಿಯಿಟ್ಟು ನೇರವಾಗಿ ಹೊಡೆಯಿರಿ, ಗಾಳಿಯೇ ತಂದು ಕೂಡಿಸುತ್ತದೆ. ಗಾಳಿಗೆ ಎದುರಾಗಿ ಚೆಂಡನ್ನು ಬಾಗಿಸುವ ಹೊಡೆತ ನುರಿತವರದ್ದು.

4. ಬೆನ್ನಗಾಳಿಯಲ್ಲಿ ಗ್ರೀನಿನ ಮುಂದೆಯೇ ಬೀಳಿಸಿ. ಮಿಕ್ಕದ್ದನ್ನು ಉರುಳಾಟ ನೋಡಿಕೊಳ್ಳುತ್ತದೆ. ಬಾವುಟದ ಮೇಲೇ ಇಳಿಸಲು ಹೋದರೆ ಚೆಂಡು ಹಿಂದಿನ ದಿಬ್ಬದಲ್ಲಿ ಸಿಗುತ್ತದೆ, ಅಥವಾ ಸಿಗುವುದಿಲ್ಲ.

5. ಗ್ರೀನಿನ ಹತ್ತಿರ ಬಂದ ಮೇಲೆ ಚೆಂಡನ್ನು ಎತ್ತಬೇಡಿ. ಈ ಮೈದಾನದ ಹಳಬರನ್ನು ಗಮನಿಸಿ. ಗ್ರೀನಿನಿಂದ ಹತ್ತು ಹನ್ನೆರಡು ಗಜ ಹೊರಗಿದ್ದರೂ ವೆಜ್ ತೆಗೆಯದೆ ಪಟರ್ ಹಿಡಿಯುತ್ತಾರೆ. ಕತ್ತರಿಸಿದ ಗಿಡ್ಡ ಹುಲ್ಲಿನ ಮೇಲೆ ಚೆಂಡು ಎರಡು ಸಲ ಪುಟಿದು, ನೆಲ ಹಿಡಿದು, ಏರು ಹತ್ತಿ, ಬಾವುಟದಿಂದ ಎರಡು ಗೇಣು ದೂರದಲ್ಲಿ ನಿಲ್ಲುತ್ತದೆ. ನೋಡಲು ಸೊಗಸಿಲ್ಲದ ಹೊಡೆತ ಎನ್ನುವವರಿದ್ದಾರೆ. ನನ್ನ ಕಣ್ಣಿಗೆ ಕಡಲ ಮೈದಾನದಲ್ಲಿ ಇದಕ್ಕಿಂತ ಚೆಂದದ ಹೊಡೆತ ಇನ್ನೊಂದಿಲ್ಲ. ನೆಲದಲ್ಲಿ ಹೋಗುವ ಚೆಂಡಿಗೆ ಗಾಳಿ ಹೆಚ್ಚೇನೂ ಮಾಡಲಾರದು.

ಇನ್ನೊಂದು ಮಾತು. ಎದುರುಗಾಳಿಯೆಂದು ಡ್ರೈವರ್ ಹೊಡೆಯುವಾಗ ಟೀ ತೀರಾ ತಗ್ಗಿಸುವವರು ಹೆಚ್ಚು. ತಗ್ಗಿಸಿದರೆ ಕೈ ತಾನಾಗಿ ಮೇಲಿನಿಂದ ಕೆಳಕ್ಕೆ ಕಡಿಯತೊಡಗುತ್ತದೆ, ತಿರುಗಾಟ ಹೆಚ್ಚುತ್ತದೆ, ಮತ್ತದೇ ತೊಂದರೆ.

ಐಸ್ ಪ್ಲಾಂಟ್ ಎಂಬ ಬಲೆ

ದೀಪಸ್ತಂಭದ ಸುತ್ತಲಿನ ಕೊನೆಯ ಒಂಬತ್ತರಲ್ಲಿ ಫೇರ್‌ವೇ ತಪ್ಪಿದರೆ ಕಾಲಡಿಗೆ ಸಿಗುವುದು ಐಸ್ ಪ್ಲಾಂಟ್. ದಕ್ಷಿಣ ಆಫ್ರಿಕದ ಗಿಡ. ಮರಳು ಜಾರದಂತೆ ಹಿಡಿಯಲಿ ಎಂದು ಕ್ಯಾಲಿಫೋರ್ನಿಯಾದ ಕರಾವಳಿಯುದ್ದಕ್ಕೂ ನೆಟ್ಟರು, ಅದು ಸ್ಥಳೀಯ ಗಿಡಗಳ ಜಾಗವನ್ನೆಲ್ಲ ಆಕ್ರಮಿಸಿತು. ಬಗ್ಗಿ ನೋಡಿ: ಬೆರಳುಗಾತ್ರದ ಮೂರುಮೂಲೆಯ ಎಲೆಗಳು, ಒಳಗೆ ತುಂಬಿದ ನೀರು, ಅಡಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡ ಒರಟು ಬಳ್ಳಿ. ಚೆಂಡು ಎಲೆಗಳ ಮೇಲೆ ಕೂತಂತೆ ಕಾಣುತ್ತದೆ, ಹೊಡೆಯಬಹುದು ಎನ್ನಿಸುತ್ತದೆ. ಕ್ಲಬ್ ಅಲ್ಲಿಗೆ ಹೋದರೆ ಬಳ್ಳಿ ಅದನ್ನು ತಟ್ಟನೆ ಹಿಡಿದು ನಿಲ್ಲಿಸುತ್ತದೆ, ಪೆಟ್ಟು ಮಣಿಕಟ್ಟಿಗೆ ಬೀಳುತ್ತದೆ. ವಾರಗಟ್ಟಲೆ ಕೈ ನೋವು ಅನುಭವಿಸಿದವರಿದ್ದಾರೆ.

ಇಲ್ಲಿ ನಿಯಮ ನಿಮ್ಮ ನೆರವಿಗೆ ಬರುತ್ತದೆ. ಚೆಂಡು ಆಡಲಾರದ ಸ್ಥಿತಿಯಲ್ಲಿದೆ ಎಂದು ತೀರ್ಮಾನಿಸುವ ಹಕ್ಕು ನಿಮ್ಮದೇ. ಒಂದು ಹೊಡೆತದ ದಂಡ ತೆತ್ತು ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬಹುದು: ಹಿಂದೆ ಹೊಡೆದ ಜಾಗಕ್ಕೇ ಹೋಗುವುದು, ಬಾವುಟ ಮತ್ತು ಚೆಂಡನ್ನು ಸೇರಿಸುವ ನೇರ ಗೆರೆಯಲ್ಲಿ ಎಷ್ಟು ಬೇಕಾದರೂ ಹಿಂದೆ ಸರಿಯುವುದು, ಚೆಂಡಿರುವಲ್ಲಿಂದ ಎರಡು ಕ್ಲಬ್ಬಿನಳತೆಯೊಳಗೆ, ಹೋಲ್‌ಗೆ ಹತ್ತಿರವಾಗದಂತೆ, ಮೊಣಕಾಲೆತ್ತರದಿಂದ ಚೆಂಡು ಬಿಡುವುದು. ಐಸ್ ಪ್ಲಾಂಟಿನ ಹಾಸು ಅಗಲವಾಗಿದ್ದರೆ ಎರಡು ಕ್ಲಬ್ಬಿನಳತೆ ಸರಿದರೂ ಮತ್ತೆ ಅದರಲ್ಲೇ ನಿಂತಿರುತ್ತೀರಿ. ಆಗ ಎರಡನೆಯ ದಾರಿ ಹಿಡಿಯಿರಿ.

ಬಹಳ ಮಂದಿ ಎಡವುವುದು ಇಲ್ಲಿ: ಈ ಸವಲತ್ತು ಚೆಂಡು ಸಿಕ್ಕಿದ್ದರೆ ಮಾತ್ರ. "ಇಲ್ಲೇ ಎಲ್ಲೋ ಇರಬೇಕು" ಎಂದು ಪಕ್ಕದಲ್ಲಿ ಹೊಸ ಚೆಂಡು ಹಾಕುವಂತಿಲ್ಲ. ಹುಡುಕಲು ಮೂರು ನಿಮಿಷ. ಸಿಗದಿದ್ದರೆ ಚೆಂಡು ಕಳೆದುಹೋದಂತೆ, ಒಂದು ದಂಡದೊಂದಿಗೆ ಹಿಂದಿನ ಜಾಗದಿಂದಲೇ ಹೊಡೆಯಬೇಕು. ಅದಕ್ಕೇ, ಚೆಂಡು ದಿಬ್ಬದತ್ತ ಹೋದದ್ದು ಕಂಡ ಕೂಡಲೇ "ಪ್ರಾವಿಷನಲ್ ಹೊಡೆಯುತ್ತೇನೆ" ಎಂದು ಜೊತೆಯವರಿಗೆ ಕೇಳುವಂತೆ ಹೇಳಿ ಇನ್ನೊಂದನ್ನು ಹೊಡೆದು ಹೊರಡಿ. ಕೆಲವು ಮೈದಾನಗಳಲ್ಲಿ ಎರಡು ಹೊಡೆತದ ದಂಡಕ್ಕೆ ಮುಂದೆಯೇ ಚೆಂಡು ಹಾಕಲು ಬಿಡುವ ಸ್ಥಳೀಯ ನಿಯಮವೂ ಇರುತ್ತದೆ. ಸ್ಕೋರ್‌ಕಾರ್ಡಿನ ಹಿಂಬದಿ ಓದಿ, ಅಥವಾ ಶುಲ್ಕ ಕಟ್ಟುವಾಗ ಕೇಳಿ.

ಗ್ರೀನಿನ ಮೇಲೆ

ಈ ಕರಾವಳಿಯ ಗ್ರೀನುಗಳಲ್ಲಿ ಬೆಳೆಯುವುದು ಪೋವಾ ಹುಲ್ಲು. ಬೆಳಿಗ್ಗೆ ನುಣ್ಣಗಿರುತ್ತದೆ. ಹೊತ್ತೇರಿದಂತೆ ಪುಟ್ಟ ಬೀಜದ ತೆನೆಗಳು ತಲೆಯೆತ್ತಿ, ಜನರ ಹೆಜ್ಜೆಗಳೂ ಸೇರಿ, ಸಂಜೆಯ ಹೊತ್ತಿಗೆ ಚೆಂಡು ಕುಪ್ಪಳಿಸುತ್ತಾ ಹೋಗುತ್ತದೆ. ಸಂಜೆ ಆಡುವವರು ಹತ್ತಿರದ ಪಟ್‌ಗಳನ್ನು ಹೆದರದೆ ತುಸು ಗಟ್ಟಿಯಾಗಿ ತಳ್ಳಬೇಕು. ಕಾಲು ಅಗಲಿಸಿ ನಿಂತರೆ ಗಾಳಿಗೆ ಮೈ ತೂಗುವುದಿಲ್ಲ. ಎಲ್ಲ ಪಟ್‌ಗಳೂ ಕಡಲಿನ ಕಡೆ ವಾಲುತ್ತವೆ ಎಂದು ಕರಾವಳಿಯ ಆಟಗಾರರು ಹೇಳುವುದುಂಟು. ನೆಲದ ಒಟ್ಟಾರೆ ಇಳಿಜಾರು ನೀರಿನ ಕಡೆಗಿರುವುದರಿಂದ ಅದರಲ್ಲಿ ಹುರುಳಿದೆ, ಕಣ್ಣಿಗೆ ಸಮತಟ್ಟು ಕಂಡಲ್ಲಿ ನೆನಪಿಟ್ಟುಕೊಳ್ಳಿ.

ಗ್ರೀನಿನ ಮೇಲೆ ನಿಂತ ಚೆಂಡನ್ನು ಗಾಳಿ ಕದಲಿಸಿದರೆ? ನೀವು ಅದನ್ನು ಒಮ್ಮೆ ಎತ್ತಿ, ಒರೆಸಿ, ಮತ್ತೆ ಇಟ್ಟಿದ್ದರೆ ಹಳೆಯ ಜಾಗಕ್ಕೇ ತಂದಿಡಬೇಕು. ಎತ್ತಿರದಿದ್ದರೆ ಹೊಸ ಜಾಗದಿಂದಲೇ ಆಡಬೇಕು. ಎರಡಕ್ಕೂ ದಂಡವಿಲ್ಲ.

ಚೆಂಡು ಬಿದ್ದ ಗುಳಿಯನ್ನು ಸರಿಪಡಿಸದೆ ಹೋಗಬೇಡಿ. ಉಪಕರಣವನ್ನು ಗುಳಿಯ ಅಂಚಿಗೆ ಚುಚ್ಚಿ, ಸುತ್ತಲಿನ ಹುಲ್ಲನ್ನು ನಡುವಿಗೆ ತಳ್ಳಿ, ಪಟರ್‌ನಿಂದ ತಟ್ಟಿ. ನಡುವಿನ ಮಣ್ಣನ್ನು ಮೇಲಕ್ಕೆ ಮೀಟಿದರೆ ಬೇರು ಹರಿದು ಅಲ್ಲಿ ಕಂದು ಕಲೆ ಉಳಿಯುತ್ತದೆ. ಸಾರ್ವಜನಿಕ ಮೈದಾನದಲ್ಲಿ ದಿನವಿಡೀ ಜನ; ಪ್ರತಿಯೊಬ್ಬರೂ ಒಂದೊಂದು ಗುಳಿ ಬಿಟ್ಟು ಹೋದರೆ ಸಂಜೆಯ ಸರದಿಯವರಿಗೆ ಗ್ರೀನ್ ಎಂಬುದೇ ಇರುವುದಿಲ್ಲ. ಈ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಕಡಿಮೆ ಹಣಕ್ಕೆ ಇಂಥ ಜಾಗ ಸಿಕ್ಕಿರುವಾಗ ಅದನ್ನು ಕಾಯುವುದು ಆಡುವವರ ಕೈಯಲ್ಲೇ ಇದೆ.

ಸಾಮಾನ್ಯ ತಪ್ಪುಗಳು

ಮೊದಲನೆಯದು ಮೈ ಸಡಿಲಿಸದೆ ಬರುವುದು. ಇಲ್ಲಿ ಮೊದಲ ಎರಡೂ ಹೋಲ್‌ಗಳು ಪಾರ್ 3. ಅಂದರೆ ಮೊದಲ ಹೊಡೆತದಲ್ಲೇ ನಿಖರತೆ ಬೇಕು, ಅಲ್ಲದೆ ಅಲ್ಲಿ ಗುಂಪುಗಳು ಸಾಲುಗಟ್ಟಿ ಕಾಯುತ್ತವೆ. ಕಾದು ನಿಂತಾಗ ಮೈ ತಣ್ಣಗಾಗುತ್ತದೆ. ಅರ್ಧ ತಾಸು ಮೊದಲೇ ಬಂದು, ಕಾಯುವಾಗಲೂ ಕ್ಲಬ್ ಬೀಸುತ್ತಿರಿ.

ಎರಡನೆಯದು ಹಿಂದೆ ಬರುವವರನ್ನು ನೋಡಿ ಗಾಬರಿಯಾಗುವುದು. ನಿಮ್ಮ ಕಣ್ಣು ಮುಂದಿನ ಗುಂಪಿನ ಮೇಲಿರಲಿ. ಅವರ ಬೆನ್ನಿಗಿದ್ದರೆ ನೀವು ಸರಿಯಾದ ವೇಗದಲ್ಲಿದ್ದೀರಿ. ಮುಂದೆ ಒಂದು ಇಡೀ ಹೋಲ್ ಖಾಲಿಯಾಗಿದ್ದರೆ ಹಿಂದಿನವರಿಗೆ ದಾರಿ ಬಿಡಿ. ದೂರದವರು ಮೊದಲು ಎಂಬ ಕ್ರಮಕ್ಕೆ ಕಾಯದೆ, ಸಿದ್ಧರಿದ್ದವರು ಹೊಡೆಯಬಹುದು. 2019ರ ನಿಯಮಗಳು ಅದನ್ನೇ ಪ್ರೋತ್ಸಾಹಿಸುತ್ತವೆ. ಬಾವುಟದ ಕೋಲನ್ನು ತೆಗೆಯದೆ ಪಟ್ ಮಾಡುವುದಕ್ಕೂ ಈಗ ಅಡ್ಡಿಯಿಲ್ಲ.

ಮೂರನೆಯದು ಬಟ್ಟೆ. ಸ್ಯಾನ್ ಹೋಸೆಯ ಬಿಸಿಲು ನೋಡಿ ಒಂದೇ ಟೀ ಶರ್ಟ್‌ನಲ್ಲಿ ಬಂದವರು ಐದನೇ ಹೋಲ್‌ನಲ್ಲಿ ನಡುಗುತ್ತಾರೆ. ಒಂದರ ಮೇಲೊಂದು ಹಾಕಿ ತೆಗೆಯುವಂಥ ಬಟ್ಟೆ, ಗಾಳಿ ತಡೆಯುವ ತೆಳು ಜಾಕೆಟ್, ನೀರಿಳಿಯದ ಬೂಟು, ಬದಲಿಗೆ ಇನ್ನೊಂದು ಗ್ಲೌಸ್ ಇರಲಿ. ಕನ್ನಡಕ ಹಾಕುವವರು ಮೆತ್ತನೆಯ ಬಟ್ಟೆ ಮರೆಯಬೇಡಿ, ಉಪ್ಪಿನ ತುಂತುರು ಗಾಜಿಗೆ ಹತ್ತುತ್ತದೆ. ಮೋಡವಿದೆಯೆಂದು ಸನ್‌ಸ್ಕ್ರೀನ್ ಬಿಟ್ಟರೆ ಸಂಜೆಗೆ ಮುಖ ಉರಿಯುತ್ತದೆ. ಮಂಜಿನೊಳಗಿಂದಲೂ ಸುಡುವ ಕಿರಣ ಬರುತ್ತದೆ.

ಎಚ್ಚರಿಕೆ

ಜಿಂಕೆಗಳು ಫೇರ್‌ವೇಯಲ್ಲೇ ಮಲಗಿರುತ್ತವೆ. ಅವಕ್ಕೆ ಜನರ ಭಯ ಕಡಿಮೆ, ಆದರೆ ಅವು ಸಾಕಿದ ಪ್ರಾಣಿಗಳಲ್ಲ. ಮರಿ ಹಾಕುವ ವಸಂತದಲ್ಲಿ ತಾಯಂದಿರೂ, ಶರತ್ಕಾಲದಲ್ಲಿ ಕೊಂಬಿನ ಗಂಡುಗಳೂ ಮೈಮೇಲೆ ಬರಬಹುದು. ಮಕ್ಕಳ ಜೊತೆ ಫೋಟೊ ತೆಗೆಯಲು ಹತ್ತಿರ ಹೋಗಬೇಡಿ. ನಿಂತ ಚೆಂಡನ್ನು ಜಿಂಕೆ ತುಳಿದು ಕದಲಿಸಿದರೆ ದಂಡವಿಲ್ಲದೆ ಹಳೆಯ ಜಾಗಕ್ಕೆ ಇಡಿ.

ಮೈದಾನ ಮತ್ತು ಕಡಲಿನ ನಡುವಿನ ರಸ್ತೆಯಲ್ಲಿ ಸದಾ ನಡೆಯುವವರು, ಸೈಕಲ್ಲಿನವರು, ಕಾರು ನಿಲ್ಲಿಸಿ ನೋಡುವವರು ಇರುತ್ತಾರೆ. ಚೆಂಡು ಆ ಕಡೆ ಹೊರಳಿದ ತಕ್ಷಣ "ಫೋರ್!" ಎಂದು ಗಂಟಲು ಬಿಟ್ಟು ಕೂಗಿ. ನಾಚಿಕೆ ಬೇಡ, ಗಾಳಿಯಲ್ಲಿ ಮೆಲುದನಿ ಯಾರಿಗೂ ಕೇಳುವುದಿಲ್ಲ. ಬೇಲಿ ಹಾಕಿ, ಫಲಕ ನೆಟ್ಟ ದಿಬ್ಬಗಳೊಳಗೆ ಚೆಂಡಿಗಾಗಿ ಕಾಲಿಡಬೇಡಿ. ಅಲ್ಲಿ ಸ್ಥಳೀಯ ಗಿಡಗಳನ್ನು ಮತ್ತೆ ಬೆಳೆಸುತ್ತಿರುತ್ತಾರೆ.

ಆಟ ಮುಗಿದ ಮೇಲೆ ಮನೆಮಂದಿಯೆಲ್ಲ ಬಂಡೆಗಳ ಮೇಲೆ ಹೋಗುವುದು ವಾಡಿಕೆ. ಈ ದಂಡೆಯಲ್ಲಿ ಬಹಳ ಹೊತ್ತು ಶಾಂತವಾಗಿದ್ದ ಕಡಲಿನಿಂದ ಏಕಾಏಕಿ ದೊಡ್ಡ ಅಲೆಯೊಂದು ಮೇಲೇರಿ ಬಂದು ಜನರನ್ನು ಎಳೆದೊಯ್ದದ್ದಿದೆ. ಒದ್ದೆಯಾದ ಬಂಡೆ ಎಂದರೆ ಅಲೆ ಅಲ್ಲಿಯವರೆಗೆ ಬರುತ್ತದೆ ಎಂದೇ ಅರ್ಥ. ಫೋಟೊಗೂ ಕಡಲಿಗೆ ಬೆನ್ನು ಹಾಕಬೇಡಿ.

ಹೊರಡುವ ಮುನ್ನ

ಕ್ಲಬ್ಬುಗಳನ್ನು ಹಾಗೇ ಡಿಕ್ಕಿಗೆ ತುಂಬಬೇಡಿ. ಉಪ್ಪು ಮತ್ತು ಮರಳು ಸೇರಿ ಲೇಪವಿಲ್ಲದ ವೆಜ್‌ಗಳನ್ನು ಬೇಗ ತುಕ್ಕು ಹಿಡಿಸುತ್ತವೆ. ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಮನೆಗೆ ಹೋದ ಮೇಲೆ ಚೀಲದ ಬಾಯಿ ತೆರೆದಿಡಿ. ಸ್ಯಾನ್ ಹೋಸೆಗೆ ಸುಮಾರು 75 ಮೈಲಿ; ಭಾನುವಾರ ಸಂಜೆ 1ನೇ ಹೆದ್ದಾರಿಯಿಂದ 156ಕ್ಕೆ ತಿರುಗಿ 101 ಸೇರುವವರೆಗೆ ವಾಹನಗಳು ತೆವಳುತ್ತವೆ. ಬೆಳಗಿನ ಸರದಿ ಸಿಕ್ಕರೆ ಊಟ ಮುಗಿಸಿ ಎರಡು ಗಂಟೆಗೆಲ್ಲ ಹೊರಟುಬಿಡಿ. ಸಂಜೆ ಆಡಿದ್ದರೆ ಮಾಂಟೆರೆಯಲ್ಲೇ ಊಟ ಮಾಡಿ, ಎಂಟು ಗಂಟೆ ದಾಟಿದ ಮೇಲೆ ಗಾಡಿ ತೆಗೆಯಿರಿ.